ಶ್ರೀಶೈಲ ಪಾದಯಾತ್ರೆ: ಹಾದಿಯಲ್ಲಿ ಆರಾಮ ತಪ್ಪಿದರೆ, ಮನೆಯ ಧ್ಯಾಸ ಹತ್ತಿದರೆ

ಯುಗಾದಿಗೆ ಶ್ರೀಶೈಲ ಮುಟ್ಟಬೇಕೆಂದು ಕಲಬುರಗಿ, ಯಾದಗಿರಿ ಸೀಮೆಯಿಂದ ಹೊರಡುವ ಗುಂಪುಗಳಿಗೆ ಮಾರ್ಚ್ ತಿಂಗಳ ಬಿಸಿಲು ತಪ್ಪಿದ್ದಲ್ಲ. ಕಲಬುರಗಿಯಿಂದ ರಾಯಚೂರು, ಕರ್ನೂಲು, ಆತ್ಮಕೂರು ಹಿಡಿದು ನಲ್ಲಮಲ ಅಡವಿ ದಾಟಿದರೆ 350 ಕಿಲೋಮೀಟರಿಗೂ ಹೆಚ್ಚಿನ ಹಾದಿ. ದಿನಕ್ಕೆ 25ರಿಂದ 30 ಕಿಲೋಮೀಟರಿನಂತೆ 12ರಿಂದ 15 ದಿನ ಬೇಕು. ಬೀದರ್ ಕಡೆಯವರಿಗೆ ಇನ್ನೂ ನಾಲ್ಕೈದು ದಿನ ಕೂಡುತ್ತದೆ.

ಈ ಹಾದಿಯಲ್ಲಿ ಜನ ನೆಲ ಹಿಡಿಯುವುದು ಹೆಚ್ಚಾಗಿ ನಾಲ್ಕು ಕಾರಣಕ್ಕೆ: ಬಿಸಿಲು, ವಾಂತಿ-ಭೇದಿ, ಅಂಗಾಲಿನ ಬೊಬ್ಬೆ, ಮನೆಯ ಧ್ಯಾಸ. ನಾಲ್ಕಕ್ಕೂ ಮದ್ದಿದೆ, ಮದ್ದು ಅಗ್ಗವೂ ಹೌದು. ಆದರೆ ಆರಾಮ ತಪ್ಪಿದವರು ಬಾಯಿ ಬಿಡುವುದಿಲ್ಲ. "ಹರಕಿ ಅರ್ಧಕ್ಕ ಮುರೀತದ" ಎಂಬ ಅಂಜಿಕೆ ಒಂದು, "ನನ್ನಿಂದ ಮಂದಿಗಿ ಯಾಕ ತ್ರಾಸ" ಎಂಬ ಸಂಕೋಚ ಇನ್ನೊಂದು. ಮೊದಲ ದಿನ ಅರ್ಧ ಹೊತ್ತು ನೆರಳಿನಲ್ಲಿ ಮಲಗಿದ್ದರೆ ಹೋಗುತ್ತಿದ್ದ ಬೇನೆ ಮೂರನೆಯ ದಿನ ದವಾಖಾನೆಗೆ ಒಯ್ಯುತ್ತದೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಒಂದು ರೂಢಿಯ ಮೇಲೆ ನಿಂತಿದೆ: ಅವರು ಹೇಳಲಿ ಎಂದು ಕಾಯಬೇಡಿ, ದಿನಕ್ಕೆ ಎರಡು ಸಲ ನೀವೇ ಕೇಳಿ.

ಕೇಳುವ ರೀತಿ ಬಹಳ ಮುಖ್ಯ. "ಆರಾಮ ಇದ್ದೀರಿಲ್ರಿ?" ಎಂದರೆ "ಹೂಂ ಆರಾಮ" ಎಂಬ ಉತ್ತರವೇ ಬರುತ್ತದೆ. ಎಣಿಸಿ ಹೇಳಬೇಕಾದ ಪ್ರಶ್ನೆ ಹಾಕಿ. ಮುಂಜಾನೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋಗಿದ್ದೀರಿ, ಯಾವ ಬಣ್ಣ ಇತ್ತು? ಸಂಡಾಸಿಗೆ ಎಷ್ಟು ಸಲ? ರಾತ್ರಿ ಎಷ್ಟು ತಾಸು ನಿದ್ದೆ ಬಂತು? ಎಷ್ಟು ರೊಟ್ಟಿ ತಿಂದಿರಿ? ಕೊನೆಗೆ ಅಂಗಾಲು ತೋರಿಸಿ. ಹತ್ತು ಜನರಿಗೆ ಒಬ್ಬರಂತೆ ಈ ಕೆಲಸ ಹಂಚಿ. ಹೆಣ್ಣುಮಕ್ಕಳನ್ನು ಗುಂಪಿನ ಹಿರಿಯ ಅಕ್ಕನೋ ಕಾಕಿಯೋ ಕೇಳಲಿ. ಮಧ್ಯಾಹ್ನ ನೆರಳಿಗೆ ಕೂತಾಗ ಒಮ್ಮೆ, ರಾತ್ರಿ ಊಟಕ್ಕೆ ಮುಂಚೆ ಒಮ್ಮೆ. ತಿಳಿ ಹಳದಿ ಮೂತ್ರ ಸರಿ. ಗಾಢ ಹಳದಿಯಾಗಿದ್ದರೆ ನೀರು ಸಾಲದು. ಚಹಾದ ಬಣ್ಣಕ್ಕೆ ತಿರುಗಿದ್ದರೆ, ಇಲ್ಲವೇ ಎಂಟು ತಾಸಿನಿಂದ ಆಗಿಯೇ ಇಲ್ಲದಿದ್ದರೆ ಆ ದಿನದ ನಡಿಗೆ ಮುಗಿಯಿತು, ಡಾಕ್ಟರಿಗೆ ತೋರಿಸಬೇಕು.

ಹೊರಡುವ ಮುಂಚೆ

ಶುಗರ್, ಬಿಪಿ, ಹೃದಯದ ಬೇನೆ ಇದ್ದವರು ತಿಂಗಳ ಮೊದಲೇ ತಮ್ಮ ಡಾಕ್ಟರಿಗೆ ತೋರಿಸಿ, "ಹಾದಿಯಲ್ಲಿ ವಾಂತಿ-ಭೇದಿ ಆದರೆ ಯಾವ ಗುಳಿಗೆ ನಿಲ್ಲಿಸಬೇಕು" ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಈ ಪ್ರಶ್ನೆಯನ್ನು ಬಹಳ ಜನ ಕೇಳುವುದಿಲ್ಲ. ಶುಗರಿನ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಬಿಪಿಯ ಟೆಲ್ಮಿಸಾರ್ಟಾನ್, ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆಗಳು ಮನೆಯಲ್ಲಿ ಒಳ್ಳೆಯದನ್ನೇ ಮಾಡುತ್ತವೆ. ಮೈಯಲ್ಲಿ ನೀರು ಬತ್ತಿದಾಗ ಅವೇ ತೊಂದರೆ ಕೊಡಬಲ್ಲವು. ತಾವಾಗಿಯೇ ನಿಲ್ಲಿಸುವುದೂ ತಪ್ಪು, ಅದಕ್ಕೇ ಚೀಟಿ. ಇನ್ಸುಲಿನ್ ಹಾಕಿಕೊಳ್ಳುವವರು ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒದ್ದೆ ಉಸುಕು ತುಂಬಿದ ಸಣ್ಣ ಮಣ್ಣಿನ ಗಡಿಗೆಯಲ್ಲಿಟ್ಟು ಸಾಮಾನಿನ ಗಾಡಿಯ ನೆರಳಿನಲ್ಲಿಡಲಿ. ಮಂಜುಗಡ್ಡೆಗೆ ನೇರ ತಾಗಿಸಿದರೆ ಹೆಪ್ಪುಗಟ್ಟಿ ಕೆಡುತ್ತದೆ.

ಹೊರಡುವ ಮೊದಲಿನ ಎರಡು ವಾರ ದಿನಾ ಬಿಸಿಲೇರಿದ ಮೇಲೆ ಒಂದು ತಾಸು ನಡೆಯಿರಿ. ಬೆವರಿನಲ್ಲಿ ಉಪ್ಪು ಕಡಿಮೆ ಕಳೆಯುವುದನ್ನು, ಬೇಗ ಬೆವರುವುದನ್ನು ಮೈ ಕಲಿಯಲು ಅಷ್ಟು ದಿನ ಬೇಕು. ಎಸಿ ರೂಮಿನಲ್ಲಿ ಕೆಲಸ ಮಾಡುವ ಹುಡುಗರೂ ಮೊದಲೆರಡು ದಿನದಲ್ಲೇ ಚಕ್ಕರ್ ಬಂದು ಬೀಳುವುದು ಇದಿಲ್ಲದ್ದಕ್ಕೆ.

ಇಪ್ಪತ್ತು ಜನರ ಗುಂಪಿಗೆ ಪೆಟ್ಟಿಗೆಯಲ್ಲಿ ಇರಬೇಕಾದದ್ದು: ಒಂದು ಲೀಟರಿನ ಓಆರ್‌ಎಸ್ ಪಾಕೀಟು 40, ಪ್ಯಾರಾಸಿಟಮಾಲ್ 650ರ ಗುಳಿಗೆ 60, ಡಿಜಿಟಲ್ ಥರ್ಮಾಮೀಟರ್, ಶುಗರ್ ನೋಡುವ ಯಂತ್ರ ಮತ್ತು ಪಟ್ಟಿಗಳು, ಬೆಟಾಡಿನ್, ಸ್ಪಿರಿಟ್, ಗಾಜ್ ಬಟ್ಟೆ, ಕಾಗದದಂಥ ಅಂಟುಪಟ್ಟಿ, ಕತ್ತರಿ, ಕೈಗವಸು, ಸಾಬೂನು, ನೀರಿಗೆ ಹಾಕುವ ಕ್ಲೋರಿನ್ ಗುಳಿಗೆ. ವಾಂತಿ ನಿಲ್ಲಿಸುವ ಗುಳಿಗೆಯನ್ನು ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಇಡಿ. 40 ಪಾಕೀಟು ಹೆಚ್ಚೆನಿಸಬಹುದು. ಭೇದಿ ಜೋರಾದ ಒಬ್ಬರಿಗೇ ದಿನಕ್ಕೆ ಮೂರು-ನಾಲ್ಕು ಲೀಟರ್ ಬೇಕಾಗುತ್ತದೆ, ಮತ್ತು ಒಂದೇ ಪಾತ್ರೆಯಲ್ಲಿ ಉಂಡವರಲ್ಲಿ ಒಬ್ಬರಿಗಷ್ಟೇ ಭೇದಿ ಆಗುವುದು ಅಪರೂಪ.

ಬಿಸಿಲು

ಬೆಳಗಿನ 4ಕ್ಕೆ ಹೊರಟು 9.30ಕ್ಕೆ ನಿಲ್ಲಿ, ಮತ್ತೆ ಸಂಜೆ 4.30ರಿಂದ 8ರವರೆಗೆ. ನಡುವಿನ ಹೊತ್ತು ಗಿಡದ ನೆರಳು, ಗುಡಿಯ ಪಡಸಾಲೆ, ಶಾಲೆಯ ವರಾಂಡ, ಎಲ್ಲಾದರೂ ಸರಿ. ಕತ್ತಲಲ್ಲಿ ನಡೆಯುವಾಗ ರಸ್ತೆಯ ಬಲಬದಿಗೆ, ಎದುರು ಬರುವ ಗಾಡಿ ಕಾಣುವಂತೆ ಸಾಲಾಗಿ ನಡೆಯಿರಿ, ಮೊದಲಿನವರು ಮತ್ತು ಕೊನೆಯವರು ಬ್ಯಾಟರಿ ಹಿಡಿದಿರಲಿ.

ನಡೆಯುವಾಗ ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಗುಟುಕು ಗುಟುಕಾಗಿ. ಬರೀ ನೀರನ್ನೇ ಚೊಂಬುಗಟ್ಟಲೆ ಕುಡಿದರೂ ಅಪಾಯವಿದೆ. ಉಪ್ಪು ಬೆವರಿನಲ್ಲಿ ಹೋಗುತ್ತಿರುತ್ತದೆ, ಉಳಿದದ್ದು ನೀರಿನಿಂದ ತೆಳುವಾಗಿ ತಲೆನೋವು, ಓಕರಿಕೆ, ಮಂಕು ಬರುತ್ತವೆ. ಆದ್ದರಿಂದ ದಿನಕ್ಕೆರಡು ಸಲ ಉಪ್ಪು ಹಾಕಿದ ಮಜ್ಜಿಗೆ ಇಲ್ಲವೇ ಜೋಳದ ಅಂಬಲಿ, ಊಟದಲ್ಲಿ ಉಪ್ಪಿನಕಾಯಿ ಇರಲಿ. ಬಿಪಿ ಇದ್ದವರು ಉಪ್ಪಿನ ಅಳತೆಯನ್ನೂ ಡಾಕ್ಟರಿಂದ ಬರೆಸಿಕೊಂಡಿರಬೇಕು.

ಮೀನಖಂಡ ಹಿಡಿದುಕೊಂಡರೆ, ತಲೆ ಸುತ್ತಿದರೆ, ಮೈ ತಣ್ಣಗೆ ಒದ್ದೆಯಾಗಿ ಬೆವರುತ್ತಿದ್ದರೆ ನೆರಳಿನಲ್ಲಿ ಮಲಗಿಸಿ, ಕಾಲು ಎತ್ತರಕ್ಕಿಟ್ಟು ಓಆರ್‌ಎಸ್ ಕೊಡಿ. ಒಂದು ತಾಸಿನೊಳಗೆ ಚೇತರಿಸಿಕೊಳ್ಳಬೇಕು. ಆದರೂ ಆ ದಿನ ಮತ್ತೆ ನಡಿಗೆ ಬೇಡ. ಮಾತು ತಡವರಿಸಿದರೆ, ಊರು ಹೆಸರು ತಪ್ಪು ಹೇಳಿದರೆ, ಸುಮ್ಮನೆ ಸಿಟ್ಟಿಗೆದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಿನ ಹೊಡೆತ, ಜೀವಕ್ಕೇ ಕುತ್ತು. ಜ್ವರ 104 ಡಿಗ್ರಿ ಮುಟ್ಟಿರುತ್ತದೆ. ಮೈ ಒಣಗಿರಲೇಬೇಕೆಂದಿಲ್ಲ, ನಡೆಯುತ್ತಿದ್ದವರಲ್ಲಿ ಬೆವರೂ ಇರುತ್ತದೆ. 108ಕ್ಕೆ ಒಬ್ಬರು ಫೋನ್ ಮಾಡುತ್ತಿರುವಾಗಲೇ ಉಳಿದವರು ಬಟ್ಟೆ ಸಡಿಲಿಸಿ, ತಲೆಯಿಂದ ಕಾಲಿನವರೆಗೆ ನೀರು ಸುರಿದು ಪಂಚೆಯಿಂದ ಗಾಳಿ ಬೀಸಬೇಕು. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ. ಗಾಡಿ ಬರಲಿ ಎಂದು ಸುಮ್ಮನೆ ಕೂರುವ ಹದಿನೈದು ನಿಮಿಷ ಮಿದುಳಿಗೆ ಬಹಳ ದೊಡ್ಡದು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಪ್ಯಾರಾಸಿಟಮಾಲ್‌ನಿಂದ ಈ ಶಾಖ ಇಳಿಯುವುದಿಲ್ಲ.

ಎದೆನೋವು, ಎಡಗೈ ಅಥವಾ ದವಡೆಗೆ ಹರಿಯುವ ನೋವು, ನಿಂತರೂ ನಿಲ್ಲದ ಏದುಸಿರಿಗೆ "ಗ್ಯಾಸ್" ಎಂದು ಸೋಡಾ ಕುಡಿಸುತ್ತ ಹೊತ್ತು ಕಳೆಯಬೇಡಿ. ನೇರ 108.

ವಾಂತಿ-ಭೇದಿ

ದಾಸೋಹದ ಅನ್ನದಲ್ಲಿ ಭಕ್ತಿ ಎಷ್ಟಿದ್ದರೂ, ಬೆಳಿಗ್ಗೆ ಮಾಡಿ ಮುಚ್ಚಿಟ್ಟ ಅನ್ನ 40 ಡಿಗ್ರಿ ಬಿಸಿಲಿನಲ್ಲಿ ಎರಡು ತಾಸಿನ ಮೇಲೆ ನಂಬಿಕೆಗೆ ಯೋಗ್ಯವಲ್ಲ. ಅನ್ನದಲ್ಲಿ ಬೆಳೆಯುವ ಒಂದು ಜಾತಿಯ ಸೂಕ್ಷ್ಮಜೀವಿಯ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಹಬೆಯಾಡುವ ಊಟ ತೆಗೆದುಕೊಳ್ಳಿ. ಹೆಚ್ಚಿಟ್ಟ ಕಲ್ಲಂಗಡಿ, ಮಂಜುಗಡ್ಡೆ ಹಾಕಿದ ಕಬ್ಬಿನ ಹಾಲು, ಯಾವ ನೀರಿನಿಂದ ಮಾಡಿದ್ದೆಂದು ಗೊತ್ತಿಲ್ಲದ ಮಜ್ಜಿಗೆ, ಈ ಮೂರನ್ನು ದಾಟಿ ನಡೆದರೆ ಅರ್ಧ ಬೇನೆ ತಪ್ಪುತ್ತದೆ. ಟ್ಯಾಂಕರ್ ನೀರಿಗೆ ಕ್ಲೋರಿನ್ ಗುಳಿಗೆ ಹಾಕಿ ಅರ್ಧ ತಾಸು ಬಿಡಿ. ಎಷ್ಟು ಲೀಟರಿಗೆ ಎಷ್ಟು ಎಂಬುದು ಕಂಪನಿಗೊಂದು ರೀತಿ, ಪಾಕೀಟಿನ ಮೇಲಿನದ್ದೇ ಪ್ರಮಾಣ. ನೀರು ರಾಡಿಯಾಗಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ, ಇಲ್ಲವಾದರೆ ಕ್ಲೋರಿನ್ ರಾಡಿಯ ಮೇಲೇ ಖರ್ಚಾಗುತ್ತದೆ. ಸಂಡಾಸಿಗೆ ಹೋಗಿಬಂದ ಮೇಲೆ ಸಾಬೂನು. ಮಣ್ಣು, ಬೂದಿ ನಡೆಯುವುದಿಲ್ಲ.

ಭೇದಿ ಹತ್ತಿದ ಕ್ಷಣದಿಂದ ಓಆರ್‌ಎಸ್. ದೊಡ್ಡ ಪಾಕೀಟು, ಅಂದರೆ ಸುಮಾರು 21 ಗ್ರಾಮಿನದ್ದು, ಪೂರ್ತಿ ಒಂದು ಲೀಟರಿಗೆ. 4 ಗ್ರಾಂ ಚಿಲ್ಲರೆಯ ಸಣ್ಣದು 200 ಮಿಲಿಲೀಟರಿಗೆ. ದೊಡ್ಡದನ್ನು ಒಂದು ಗ್ಲಾಸಿಗೆ ಹಾಕಿ ಕುಡಿದವರಿಗೆ ಭೇದಿ ಹೆಚ್ಚಾಗುತ್ತದೆ, ಏಕೆಂದರೆ ಗಟ್ಟಿ ದ್ರಾವಣ ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ. ಪಾಕೀಟು ಮುಗಿದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಪ್ರತಿ ಭೇದಿಯ ನಂತರ ದೊಡ್ಡವರು ಒಂದರಿಂದ ಎರಡು ಗ್ಲಾಸು ಕುಡಿಯಬೇಕು. ಕಲಸಿದ್ದು 24 ತಾಸಿಗಿಂತ ಹೆಚ್ಚು ಇಡಬಾರದು. ಡಬ್ಬಿಯಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಸೂತ್ರಕ್ಕೆ ಹೊಂದದ ಇಂಥ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸದಂತೆ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿದೆ. ವಾಂತಿಯೂ ಇದ್ದರೆ ಹತ್ತು ನಿಮಿಷ ಸುಮ್ಮನಿದ್ದು, ನಂತರ ಎರಡು-ಮೂರು ನಿಮಿಷಕ್ಕೊಂದು ಚಮಚ. ಒಮ್ಮೆಗೇ ಗ್ಲಾಸು ಎತ್ತಿದರೆ ಎಲ್ಲ ಹೊರಗೆ ಬರುತ್ತದೆ. ಹಸಿವಾದಾಗ ಗಂಜಿ, ಮೊಸರನ್ನ, ಬಾಳೆಹಣ್ಣು. ಉಪವಾಸ ಕೆಡವುವುದರಿಂದ ಶಕ್ತಿ ಹೋಗುತ್ತದೆಯೇ ಹೊರತು ಭೇದಿ ನಿಲ್ಲುವುದಿಲ್ಲ.

ಭೇದಿ ಕಟ್ಟುವ ಗುಳಿಗೆ ನುಂಗಿ ನಡೆಯುವ ರೂಢಿ ಕೆಟ್ಟದ್ದು. ರಕ್ತ ಅಥವಾ ಜ್ವರ ಇದ್ದಾಗಲಂತೂ ಮುಟ್ಟಲೇಬಾರದು. ರಕ್ತಭೇದಿ, ಅಕ್ಕಿ ತೊಳೆದ ನೀರಿನಂಥ ಭೇದಿ, 102ರ ಜ್ವರ, ಕುಡಿದದ್ದೆಲ್ಲ ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ, ಇವುಗಳಲ್ಲಿ ಒಂದು ಕಂಡರೂ ದವಾಖಾನೆ. ಅಲ್ಲಿ ಸಲೈನ್ ಹಚ್ಚಿಸಿಕೊಂಡ ಸಂಜೆಯೇ ಮತ್ತೆ ನಡೆಯಲು ಏಳುವವರಿದ್ದಾರೆ. ನೀರು ತುಂಬಿದ ಮಾತ್ರಕ್ಕೆ ಕರುಳು ಮಾಗಿರುವುದಿಲ್ಲ, ಒಂದು ಪೂರ್ತಿ ದಿನ ಬಿಡಿ.

ಮೈಕೈ ನೋವಿಗೆ ಹಾದಿಬದಿಯಲ್ಲಿ ಕೊಡುವ ಡಿಕ್ಲೋಫೆನಾಕ್ ಇಂಜೆಕ್ಷನ್, ಬಣ್ಣಬಣ್ಣದ ನೋವಿನ ಗುಳಿಗೆಗಳ ಬಗ್ಗೆ ಖಂಡಿತವಾಗಿ ಹೇಳಬೇಕು: ಬೇಡ. ನೀರು ಬತ್ತಿದ ಮೈಗೆ ಅವು ಕಿಡ್ನಿ ಕೆಡಿಸುತ್ತವೆ. ನೋವಿಗೂ ಜ್ವರಕ್ಕೂ ಪ್ಯಾರಾಸಿಟಮಾಲ್ 650, ಆರು ತಾಸಿಗೆ ಒಂದು, ದಿನಕ್ಕೆ ನಾಲ್ಕು ಮೀರದಂತೆ. ಲಿವರ್ ತೊಂದರೆ ಇದ್ದವರು ಅದನ್ನೂ ಕೇಳಿಯೇ ತೆಗೆದುಕೊಳ್ಳಲಿ.

ಕಾಲು

ಬರಿಗಾಲಿನ ಹರಕೆ ಹೊತ್ತವರು ಮಧ್ಯಾಹ್ನದ ಡಾಂಬರಿನ ಮೇಲೆ ಕಾಲಿಡಬಾರದು, ಅದು 60 ಡಿಗ್ರಿ ದಾಟಿರುತ್ತದೆ. ಬೆಳಗಿನ ಜಾವ, ಸಂಜೆಯ ತಂಪಿನಲ್ಲಿ, ಆದಷ್ಟು ರಸ್ತೆಬದಿಯ ಮಣ್ಣಿನಲ್ಲಿ ನಡೆಯಿರಿ. ಶುಗರ್ ಇದ್ದವರಿಗೆ ಬರಿಗಾಲು ಬೇಡವೇ ಬೇಡ. ಅವರಿಗೆ ಸುಟ್ಟದ್ದು, ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ. ಇದನ್ನು ಮನೆಯ ಹಿರಿಯರು, ಗುರುಗಳು ಹೊರಡುವ ಮೊದಲೇ ಹೇಳಿ ಒಪ್ಪಿಸಿದರೆ ಹಾದಿಯಲ್ಲಿ ವಾದವಿರುವುದಿಲ್ಲ.

ಒಂದು ಕಡೆ ಉರಿ ಎನಿಸಿದ ಕೂಡಲೇ ನಿಂತು ಅಂಟುಪಟ್ಟಿ ಹಚ್ಚಿ, ಬೊಬ್ಬೆ ಏಳುವುದೇ ಇಲ್ಲ. ಎದ್ದ ಬೊಬ್ಬೆ ಸಣ್ಣದಿದ್ದರೆ ಮುಟ್ಟಬೇಡಿ. ದೊಡ್ಡದಾಗಿ ಕಾಲೂರಲು ಬಾರದಿದ್ದರೆ ಸಾಬೂನಿನಿಂದ ತೊಳೆದು, ಸ್ಪಿರಿಟ್ ಹಚ್ಚಿದ ಸೂಜಿಯಿಂದ ಅಂಚಿನಲ್ಲಿ ಎರಡು ಕಡೆ ಚುಚ್ಚಿ, ನೀರು ಒತ್ತಿ ತೆಗೆದು, ಮೇಲಿನ ಚರ್ಮ ಹಾಗೇ ಬಿಟ್ಟು ಬೆಟಾಡಿನ್, ಗಾಜ್, ಪಟ್ಟಿ. ಚರ್ಮ ಕಿತ್ತರೆ ಒಳಗಿನ ಹಸಿ ಮಾಂಸ ಬಯಲಾಗುತ್ತದೆ. ಸೂಜಿ-ದಾರ ಪೋಣಿಸಿ ದಾರ ಒಳಗೇ ಬಿಡುವ ಪದ್ಧತಿ ನಮ್ಮಲ್ಲಿದೆ. ಕೀವು ಒಳಹೋಗಲು ಆ ದಾರವೇ ದಾರಿ. ಶುಗರ್ ಇದ್ದವರು ತಾವೇ ಚುಚ್ಚಿಕೊಳ್ಳದೆ ನರ್ಸ್ ಹತ್ತಿರ ತೋರಿಸಲಿ. ಸುತ್ತ ಕೆಂಪು ಹರಡಿದರೆ ಅಥವಾ ತೊಡೆಸಂದಿಯಲ್ಲಿ ಗಂಟು ಬಂದರೆ ಆ್ಯಂಟಿಬಯೋಟಿಕ್ ಬೇಕು, ಡಾಕ್ಟರಿಗೆ ತೋರಿಸಿ. ತೊಡೆ ಉಜ್ಜಿ ಹುಣ್ಣಾಗುವವರು ಹೊರಡುವ ಮೊದಲೇ ವ್ಯಾಸಲಿನ್ ಇಲ್ಲವೇ ಕೊಬ್ಬರಿ ಎಣ್ಣೆ ಸವರಿಕೊಳ್ಳಲಿ.

ಮನೆಯ ಧ್ಯಾಸ

ಇದನ್ನು ಬೇನೆ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಗುಂಪಿನಿಂದ ಹಿಂದೆ ಬೀಳುವವರು, ಊಟ ಬಿಡುವವರು, ರಾತ್ರಿ ಹೊರಳಾಡಿ ಬೆಳಿಗ್ಗೆ ಬಿಸಿಲಿಗೆ ಬೀಳುವವರಲ್ಲಿ ಬಹಳ ಮಂದಿಯ ಬೇನೆ ಇಲ್ಲಿಂದಲೇ ಶುರುವಾಗಿರುತ್ತದೆ. ಹೆಚ್ಚಾಗಿ ಎರಡನೆಯ-ಮೂರನೆಯ ರಾತ್ರಿ, ಉತ್ಸಾಹ ಇಳಿದು ಮೈನೋವು ಏರಿದ ಹೊತ್ತಿಗೆ ಬರುತ್ತದೆ. ಮತ್ತೊಮ್ಮೆ ರಾಯಚೂರು ದಾಟಿದ ಮೇಲೆ: ಬೋರ್ಡುಗಳು ತೆಲುಗು, ಅಂಗಡಿಯವನ ಮಾತು ತೆಲುಗು, ತಾಟಿನಲ್ಲಿ ರೊಟ್ಟಿಯ ಬದಲು ಮೂರು ಹೊತ್ತೂ ಅನ್ನ.

ಯಾರಾದರೂ ಮಾತು ಬಿಟ್ಟು ಕೂತರೆ, ಸಣ್ಣದಕ್ಕೆ ಅತ್ತರೆ, ಮೊದಲು ಮೈ ನೋಡಿ. ನೀರು-ಉಪ್ಪು ಕಡಿಮೆಯಾದರೂ, ಶುಗರ್ ಇಳಿದರೂ ಮನುಷ್ಯ ಹೀಗೇ ಮಂಕಾಗುತ್ತಾನೆ. ಥರ್ಮಾಮೀಟರ್ ಇಡಿ, ಶುಗರ್ ಗುಳಿಗೆ ನುಂಗುವವರಾದರೆ ಪರೀಕ್ಷೆ ಮಾಡಿ. 70ಕ್ಕಿಂತ ಕೆಳಗಿದ್ದರೆ 3 ಚಮಚ ಸಕ್ಕರೆ ನೀರಿನಲ್ಲಿ ಕೊಟ್ಟು, 15 ನಿಮಿಷಕ್ಕೆ ಮತ್ತೆ ನೋಡಿ. ಮೈ ಸರಿಯಿದ್ದರೆ ಬಿಸಿ ಊಟ, ಕಾಲಿಗೆ ಬಿಸಿನೀರು, ಬೇಗ ನಿದ್ದೆ. ಮಾತು ಆಮೇಲೆ. "ಇಷ್ಟಕ್ಕ ಅಳ್ತಾರೇನು, ದೇವರ ಕೆಲಸಕ್ಕ ಬಂದೀರಿ" ಎಂದು ಗದರಿದರೆ ಅವರು ನಾಳೆಯಿಂದ ಏನನ್ನೂ ಹೇಳುವುದಿಲ್ಲ, ಎದೆನೋವನ್ನೂ ಸೇರಿ. "ಮನ್ಯಾಗ ಯಾರ ಧ್ಯಾಸ ಭಾಳ ಆಗ್ಯದ್ರಿ?" ಎಂದು ನೇರ ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಿ. ಹಲವು ಸಲ ಅದರೊಳಗೆ ಒಂದು ಕೆಲಸ ಅಡಗಿರುತ್ತದೆ: ಸೊಸೈಟಿ ಸಾಲದ ಕಂತು, ಕರು ಹಾಕುವ ಎಮ್ಮೆ, ಅತ್ತೆಯ ಬಿಪಿ ಗುಳಿಗೆ. ಕೆಲಸವಾದರೆ ಒಂದು ಫೋನಿನಲ್ಲಿ ಮುಗಿಯುತ್ತದೆ. ಇವನ್ನೆಲ್ಲ ಹೊರಡುವ ಮೊದಲೇ ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಯಾರು ಮಾಡುತ್ತಾರೆಂದು ಹೆಸರು ಹಾಕಿ ಗೋಡೆಗೆ ಅಂಟಿಸಿ ಬರುವುದು ಒಳ್ಳೆಯದು. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು ಇದೇ ಹೊತ್ತಿಗೆ ಬರುತ್ತವೆ. ಪರೀಕ್ಷೆಗೆ ಕೂರುವ ಮಗುವನ್ನು ಬಿಟ್ಟು ಬಂದ ತಾಯಿಗೆ ಈ ಹಾದಿ ಬಹಳ ಕಠಿಣ, ಒಂದು ವರ್ಷ ಮುಂದೂಡಿದರೆ ತಪ್ಪಿಲ್ಲ.

ಫೋನಿಗೆ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ: ರಾತ್ರಿ ಊಟವಾದ ಮೇಲೆ, ಹತ್ತು ನಿಮಿಷ. ಸಂಜೆ ದಣಿದು ಕೂತ ಗಳಿಗೆಯಲ್ಲಿ, ಖಾಲಿ ಹೊಟ್ಟೆಯಲ್ಲಿ ಮಾಡಿದ ಫೋನ್ ಎರಡೂ ಕಡೆ ಕಣ್ಣೀರಿಗೆ ಮುಗಿಯುತ್ತದೆ. ಸಣ್ಣ ಮಕ್ಕಳ ಜೊತೆ ದಿನಾ ವಿಡಿಯೋ ಕಾಲ್ ಬೇಡ. "ಅವ್ವಾ ಯಾವಾಗ ಬರ್ತಿ" ಎಂಬ ಮಾತು ರಾತ್ರಿಯೆಲ್ಲ ಮಲಗಲು ಬಿಡುವುದಿಲ್ಲ. ವಾಟ್ಸಾಪಿನಲ್ಲಿ ದನಿ ಮುದ್ರಿಸಿ ಕಳಿಸಿದರೆ ಮಗು ಬೇಕಾದಾಗ ಕೇಳಿಕೊಳ್ಳುತ್ತದೆ. ಮನೆಯವರಿಗೂ ಹೇಳಿರಬೇಕು: ಸಣ್ಣ ಜಗಳ, ಸಣ್ಣ ಖರ್ಚು ತಿಳಿಸಬೇಡಿ, ದೊಡ್ಡದೇನಾದರೂ ಆದರೆ ಗುಂಪಿನ ಮುಖ್ಯಸ್ಥರಿಗೆ ಮೊದಲು ಮಾಡಿ. ನಲ್ಲಮಲ ಅಡವಿಯಲ್ಲಿ ಬಹಳ ಕಡೆ ಸಿಗ್ನಲ್ ಇಲ್ಲ. ಆತ್ಮಕೂರಿನಿಂದಲೇ "ಎರಡು ದಿನ ಫೋನ್ ಹತ್ತೂದಿಲ್ಲ, ಅಂಜಬ್ಯಾಡ್ರಿ" ಎಂದು ತಿಳಿಸಿಬಿಡಿ.

ನಾಲಿಗೆಗೆ ಮನೆ ಸಿಕ್ಕರೆ ಮನಸ್ಸು ಅರ್ಧ ತಣಿಯುತ್ತದೆ. ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿ, ತೇವ ತಾಗದಂತೆ ಬಟ್ಟೆಯಲ್ಲಿ ಕಟ್ಟಿದರೆ ಎರಡು ವಾರ ತಡೆಯುತ್ತದೆ. ದಿನಕ್ಕೆ ಎರಡರಂತೆ ಒಬ್ಬರಿಗೆ 30 ರೊಟ್ಟಿ, ಅರ್ಧ ಕಿಲೋ ಶೇಂಗಾ ಹಿಂಡಿ, ಒಂದಿಷ್ಟು ಪುಟಾಣಿ, ಬೆಲ್ಲ. ಹಲ್ಲಿಲ್ಲದವರು ಬಿಸಿ ಸಾರಿನಲ್ಲಿ ನೆನೆಸಿಕೊಳ್ಳಬಹುದು. ಇದರಿಂದ ಹೊಟ್ಟೆಗೂ ಲಾಭ, ಗೊತ್ತಿಲ್ಲದ ಕಡೆಯ ತಂಗಳು ತಪ್ಪುತ್ತದೆ. ಹೊದೆಯಲು ಮನೆಯ ಹಳೆಯ ತೆಳು ಕೌದಿಯನ್ನೇ ತನ್ನಿ, ಹೊಸ ಚಾದರ ಬೇಡ.

ಕೆಲಸ ಕೊಡಿ. ನೀರು ಹಂಚುವುದು, ರಾತ್ರಿ ಭಜನೆಯ ತಾಳ, ವಯಸ್ಸಾದ ಅಜ್ಜಿಯ ಚೀಲ ನೋಡಿಕೊಳ್ಳುವುದು. ಹದಿನೆಂಟು-ಇಪ್ಪತ್ತರ ಹುಡುಗರಿಗೆ ಉಪದೇಶಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ. ಮನೆಯಲ್ಲಿ ಸಾವಾದ ವರ್ಷವೇ ಹರಕೆ ಹೊತ್ತು ಬಂದವರ ದುಃಖ ಬೇರೆ. ಅವರನ್ನು ನಗಿಸಲು ಹೋಗಬೇಡಿ, ಪಕ್ಕದಲ್ಲಿ ಒಬ್ಬರು ನಡೆಯಲಿ. ಎರಡು ರಾತ್ರಿ ನಿದ್ದೆಯೇ ಇಲ್ಲ, ಊಟ ಪೂರ್ತಿ ಬಿಟ್ಟಿದ್ದಾರೆ, "ಇದ್ದು ಏನ್ ಮಾಡೂದದ" ಎನ್ನುತ್ತಿದ್ದಾರೆ ಎಂದಾದರೆ ಒಬ್ಬರನ್ನೇ ಬಿಡಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ, ದಿನದ 24 ತಾಸೂ ಇರುತ್ತದೆ. ಮನೆಯವರನ್ನು ಕರೆಸಿ.

ಹೊಳ್ಳಿ ಹೋಗುವುದು

"ಮನಿಗಿ ಹೋಗ್ತೀನಿ" ಎಂದು ರಾತ್ರಿ ಹೇಳಿದ್ದನ್ನು ಬೆಳಿಗ್ಗೆ ನಿರ್ಧರಿಸಿ, ಉಂಡು ಮಲಗಿ ಎದ್ದ ಮೇಲೆ. ಬೆಳಿಗ್ಗೆಯೂ ಅದೇ ಮಾತಾದರೆ ತಡೆಯಬೇಡಿ.

ಗುಂಪು ಎರಡು ಕಡೆ ನಿಂತು ಎಲ್ಲರನ್ನೂ ನೋಡಬೇಕು. ಮೊದಲನೆಯದು ರಾಯಚೂರು. ಅಲ್ಲಿಂದ ಯಾದಗಿರಿ, ವಾಡಿ, ಕಲಬುರಗಿಗೆ ನೇರ ರೈಲಿದೆ, ದೊಡ್ಡ ಸರಕಾರಿ ದವಾಖಾನೆ ಇದೆ, ಎಲ್ಲರ ಮಾತೂ ಕನ್ನಡ. ಎರಡನೆಯದು ಆತ್ಮಕೂರು, ಅಡವಿಯ ಬಾಗಿಲು. ಇದರಾಚೆ ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಳದ ಹಾದಿಗೆ ಗಾಡಿ ಸುಲಭವಾಗಿ ಬರುವುದಿಲ್ಲ. ಆದ್ದರಿಂದ ಇಲ್ಲಿ ಬಿಗಿಯಾಗಿರಿ: 24 ತಾಸಿನಿಂದ ಜ್ವರ-ಭೇದಿ ಇಲ್ಲದವರು, ಎರಡು ಹೊತ್ತು ಉಂಡವರು, ಕುಂಟದೆ ನಡೆಯುವವರು ಮಾತ್ರ ಅಡವಿಗೆ. ಉಳಿದವರನ್ನು ಜೊತೆಗೊಬ್ಬರನ್ನು ಕೊಟ್ಟು ದೋರ್ನಾಲ ಮೇಲಿನ ರಸ್ತೆಯಿಂದ ಬಸ್ಸಿನಲ್ಲಿ ಶ್ರೀಶೈಲಕ್ಕೆ ಕಳಿಸಿ. ದರ್ಶನ ಅವರಿಗೂ ಆಗುತ್ತದೆ.

ಪ್ರತಿಯೊಬ್ಬರ ಕೊರಳಲ್ಲಿ ಒಂದು ಚೀಟಿ ಇರಲಿ: ಹೆಸರು, ಊರು, ವಯಸ್ಸು, ಬೇನೆ, ನುಂಗುವ ಗುಳಿಗೆ, ಮನೆಯ ನಂಬರು, ಮುಖ್ಯಸ್ಥರ ನಂಬರು. ಆಧಾರ್ ಮತ್ತು ಆಯುಷ್ಮಾನ್ ಕಾರ್ಡು ಜೊತೆಗಿರಲಿ. ಆಂಧ್ರ, ತೆಲಂಗಾಣದಲ್ಲೂ ಆಂಬುಲೆನ್ಸಿಗೆ 108. ಅಲ್ಲಿ ಹೇಳಲು ನಾಲ್ಕು ಮಾತು ಬಾಯಿಗೆ ಬರಲಿ: ಜ್ವರಂ, ವಾಂತುಲು, ವಿರೇಚನಾಲು, ಎದೆನೋವಿಗೆ ಗುಂಡೆ ನೊಪ್ಪಿ.

ಅಡವಿಯಲ್ಲಿ ಸಂಜೆಯಿಂದ ಪೂರ್ತಿ ತೋಳಿನ ಬಟ್ಟೆ, ಸೊಳ್ಳೆ ಮುಲಾಮು ಬೇಕು. ಮಲಗುವಾಗ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ, ಹಾವು-ಚೇಳಿಗೂ ಅದು ತಡೆ. ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಕಚ್ಚಿದ ಅಂಗ ಅಲುಗದಂತೆ ಹೊತ್ತು ತನ್ನಿ. ಊರಿಗೆ ಮರಳಿದ ಮೇಲೆ ಒಂದು ತಿಂಗಳೊಳಗೆ ಚಳಿಜ್ವರ ಬಂದರೆ "ದಣಿವಿನ ಜ್ವರ" ಎಂದು ಬಿಡದೆ ಮಲೇರಿಯಾದ ರಕ್ತಪರೀಕ್ಷೆ ಮಾಡಿಸಿ. ನಲ್ಲಮಲದಲ್ಲಿ ಮಲಗಿದ್ದಿರಿ ಎಂಬುದನ್ನು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ.